ಬೆಲ್ಟ್ ಸ್ಕಿಮ್ಮರ್ ಓಡುತ್ತಿದೆ, ಎಣ್ಣೆ ಮಾತ್ರ ಬರುತ್ತಿಲ್ಲ

ಪೀಣ್ಯ_ಶಾಪ್‌ಫ್ಲೋರ್:
ತಲೆ ಕೆಟ್ಟು ಹೋಗಿದೆ. ನಮ್ಮದು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್. ಇಟಿಪಿಯ (ಕೊಳಕು ನೀರು ಶುದ್ಧ ಮಾಡೋ ಘಟಕ) ಮೊದಲ ಟ್ಯಾಂಕಿಗೆ ಹೊಸ ಬೆಲ್ಟ್ ಸ್ಕಿಮ್ಮರ್ ಹಾಕಿಸಿದೆವು, ನೀರಿನ ಮೇಲೆ ತೇಲೋ ಎಣ್ಣೆಯನ್ನು ಬೆಲ್ಟಿಗೆ ಅಂಟಿಸಿ ಎತ್ತೋದು. ಮೋಟಾರ್ ಸರಿ ಇದೆ, ಬೆಲ್ಟ್ ತಿರುಗುತ್ತದೆ, ಡ್ರಮ್ಮಿಗೆ ಬೀಳೋದು ಬರೀ ನೀರು. ಲ್ಯಾಬ್ ರಿಪೋರ್ಟಿನಲ್ಲಿ ಆಯಿಲ್ ಅಂಡ್ ಗ್ರೀಸ್ ಲೀಟರಿಗೆ 60 ಮಿಲಿಗ್ರಾಂ ದಾಟಿದೆ, ನಮಗೆ 10ರ ಒಳಗಿರಬೇಕು. ಸಪ್ಲೈಯರ್ ಫೋನ್ ಎತ್ತುತ್ತಿಲ್ಲ. ಯಾರಾದರೂ ಹೇಳಿ.

ಬೆಲ್ಟ್_ಭೈರ:
ಗುರು, ಬೆಲ್ಟ್ ಯಾವುದು? ಸ್ಟೀಲಾ, ಪಾಲಿಮರ್ರಾ? ಕಣ್ಮುಚ್ಚಿ ಹೇಳ್ತೀನಿ, ಬೆಲ್ಟೇ ಪ್ರಾಬ್ಲಂ. ಸ್ಟೀಲ್ ಆದರೆ ತೆಗೆದು ಪಾಲಿಯುರೆಥೇನ್ ಹಾಕಿ.

ಪೀಣ್ಯ_ಶಾಪ್‌ಫ್ಲೋರ್:
ಪಾಲಿಮರ್ರೇ. ಹೊಸದು.

ಬೆಲ್ಟ್_ಭೈರ:
ಹಾಗಾದರೆ ಬೆಲ್ಟಿನಿಂದ ಎಣ್ಣೆ ಒರೆಸೋ ವೈಪರ್ ಬ್ಲೇಡ್ ನೋಡಿ. ಬ್ಲೇಡ್ ಬೆಲ್ಟಿಗೆ ಒತ್ತಿ ಕೂತಿಲ್ಲ ಅಂದ್ರೆ ಎಣ್ಣೆ ಸುತ್ತು ಹೊಡೆದು ವಾಪಸ್ ಟ್ಯಾಂಕಿಗೇ ಹೋಗುತ್ತದೆ. ಸ್ಪೀಡೂ ಜಾಸ್ತಿ ಇರಬಹುದು. ಬೆಲ್ಟ್ ಜೋರಾಗಿ ಓಡಿದರೆ ನೀರನ್ನೇ ಎಳೆದು ತರುತ್ತದೆ.

ಹುಬ್ಬಳ್ಳಿ_ಫೌಂಡ್ರಿ:
ಸ್ಟೀಲ್ ಬೆಲ್ಟನ್ನು ಯಾಕೆ ಬೈತೀರಿ? ನಮ್ಮ ವಾಷಿಂಗ್ ಟ್ಯಾಂಕಿನ ನೀರು ಬಿಸಿ ಇರ್ತದೆ. ಅಲ್ಲಿ ನಿಮ್ಮ ಪಾಲಿಮರ್ ಬೆಲ್ಟ್ ಹಿಗ್ಗಿ ಜಾರ್ತದ್ರೀ.

ಬೆಲ್ಟ್_ಭೈರ:
ಬಿಸಿ ನೀರಿನ ಮಾತು ಯಾರು ಆಡಿದ್ರು ಇಲ್ಲಿ?

ಕುವೈತ್_ಕನ್ನಡಿಗ:
ನಮ್ಮ ಪ್ಲಾಂಟಿನ ಎಪಿಐ ಸೆಪರೇಟರ್ (ಎಣ್ಣೆ ತಾನಾಗೇ ಮೇಲೆ ತೇಲೋ ತೊಟ್ಟಿ) ಫುಟ್‌ಬಾಲ್ ಮೈದಾನದಷ್ಟು ಉದ್ದ. ಅದರ ಹಿಂದೆ ಗಾಳಿ ಗುಳ್ಳೆ ಬಿಟ್ಟು ಎಣ್ಣೆ ತೇಲಿಸೋ ಡಿಎಎಫ್. ಸಣ್ಣ ಸ್ಕಿಮ್ಮರ್ ನೋಡಿ ಎಷ್ಟೋ ವರ್ಷ ಆಯ್ತು.

ಸುರತ್ಕಲ್_ಕೆಮಿಸ್ಟ್:
ಮಾರಾಯ್ರೇ, ಅವರಿಗೆ ಬೇಕಾದದ್ದು ಮೈದಾನ ಅಲ್ಲ. ಎಪಿಐ ಸೆಪರೇಟರ್ ಲೆಕ್ಕ ಹಾಕುವುದು 150 ಮೈಕ್ರಾನ್ ಹನಿಗೆ. ಅದಕ್ಕಿಂತ ತೀರಾ ಚಿಕ್ಕದಿದ್ದರೆ ಅದರಲ್ಲೂ ತೇಲುವುದಿಲ್ಲ.
ಪೀಣ್ಯದವರೇ, ಎರಡು ಪ್ರಶ್ನೆ. ಟ್ಯಾಂಕಿಗೆ ಏನೇನು ನೀರು ಬರುತ್ತದೆ? ಯಾವ ಪಂಪಿನಲ್ಲಿ ಬರುತ್ತದೆ?

ಪೀಣ್ಯ_ಶಾಪ್‌ಫ್ಲೋರ್:
ಎಲ್ಲರ ಹಾಗೆ ಸರ್. ಸಿಎನ್‌ಸಿ ಮಷೀನಿನ ಹಳೇ ಕೂಲಂಟು (ಲೋಹ ಕತ್ತರಿಸುವಾಗ ತಣ್ಣಗಿಡೋ ಎಣ್ಣೆ ಬೆರೆತ ನೀರು), ಬಿಡಿಭಾಗ ತೊಳೆದ ಸೋಪಿನ ನೀರು, ನೆಲ ತೊಳೆದದ್ದು, ಎಲ್ಲಾ ಒಂದೇ ಗುಂಡಿಗೆ. ಅಲ್ಲಿಂದ 2 ಎಚ್‌ಪಿ ಮಾನೋಬ್ಲಾಕ್ ಪಂಪ್. ಸ್ಕಿಮ್ಮರ್ ಕೂತಿರೋದು ಪೈಪು ಬೀಳೋ ಜಾಗದ ಪಕ್ಕದಲ್ಲೇ.

ಸುರತ್ಕಲ್_ಕೆಮಿಸ್ಟ್:
ಇದನ್ನು ಮೊದಲೇ ಹೇಳಬಾರದಿತ್ತಾ! ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಎಣ್ಣೆ ಮೇಲೆ ಪದರವಾಗಿ ನಿಂತರೆ ಸ್ಕಿಮ್ಮರ್ ವಿಷಯ. ಬೆಳಿಗ್ಗೆಯೂ ಹಾಲಿನ ಹಾಗೆ ಬೆಳ್ಳಗೇ ಇದ್ದರೆ ಅದು ಎಮಲ್ಷನ್, ಅಂದರೆ ಎಣ್ಣೆ ಪುಡಿ ಹನಿಯಾಗಿ ನೀರಿನಲ್ಲಿ ಬೆರೆತದ್ದು. ಪ್ರಪಂಚದ ಯಾವ ಬೆಲ್ಟೂ ಅದನ್ನು ಎತ್ತುವುದಿಲ್ಲ. ಲ್ಯಾಬಿನವರು ಸಾಲ್ವೆಂಟ್ ಹಾಕಿ ತೇಲುವ ಎಣ್ಣೆ, ಬೆರೆತ ಎಣ್ಣೆ ಎರಡನ್ನೂ ಎಳೆದು ತೂಗುತ್ತಾರೆ. ಹಾಗಾಗಿ ಮೇಲಿನದ್ದಷ್ಟೇ ತೆಗೆದರೆ 10ಕ್ಕೆ ಇಳಿಯುವುದು ಕಷ್ಟ.

ಬೆಲ್ಟ್_ಭೈರ:
ವೈಪರ್ ಫೋಟೋ ಹಾಕಿದ್ರೆ ಗೊತ್ತಾಗುತ್ತೆ.

ಹುಬ್ಬಳ್ಳಿ_ಫೌಂಡ್ರಿ:
ನಮ್ಮಲ್ಲಿ ತೆಗೆದ ಎಣ್ಣೆಯನ್ನು ಸೆಂಟ್ರಿಂಗ್‌ನವರು ಬಂದು ಒಯ್ತಾರೆ. ಪ್ಲೇಟಿಗೆ ಹಚ್ಚಲಿಕ್ಕೆ. ಲಾಭಾನೇ.

ಇಟಿಪಿ_ಮೇಡಂ:
ದಯವಿಟ್ಟು ಹಾಗೆ ಮಾಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಎಣ್ಣೆಗೆ 5.1 ಅಂತ ಸಂಖ್ಯೆಯೇ ಇದೆ. ಪರವಾನಗಿ ಇರುವ ರೀಸೈಕ್ಲರ್‌ಗೇ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಬರೆದು ಕೊಡಬೇಕು.

ಹುಬ್ಬಳ್ಳಿ_ಫೌಂಡ್ರಿ:
ಎಲ್ಲರೂ ಮಾಡ್ತಾರ್ರೀ ಮೇಡಂ.

ಇಟಿಪಿ_ಮೇಡಂ:
ಎಲ್ಲರ ಮನೆಗೂ ನೋಟಿಸ್ ಬರಲ್ಲ, ಬಂದವರನ್ನು ಕೇಳಿ.

ಪೀಣ್ಯ_ಶಾಪ್‌ಫ್ಲೋರ್:
ಬಾಟಲಿ ಇಟ್ಟು ನೋಡಿದೆ. ಮೇಲೆ ತೆಳು ಕಂದು ಪದರ, ಕೆಳಗೆಲ್ಲಾ ಬೆಳ್ಳಗೆ. ಈಗ ಸ್ಕಿಮ್ಮರ್ ಗುಜರಿಗಾ?

ಸುರತ್ಕಲ್_ಕೆಮಿಸ್ಟ್:
ಬೇಡ, ಅದಕ್ಕೂ ಕೆಲಸ ಇದೆ. ಆ ಕಂದು ಪದರ ಮಷೀನಿನ ಹೈಡ್ರಾಲಿಕ್, ಸ್ಲೈಡ್‌ವೇ ಎಣ್ಣೆ. ಅದನ್ನು ಸಿಎನ್‌ಸಿಯ ಸಂಪಿನಲ್ಲೇ, ಮಷೀನ್ ನಿಂತಾಗ ತೆಗೆಯಿರಿ. ಸಣ್ಣ ಟ್ಯೂಬ್ ಸ್ಕಿಮ್ಮರ್ ಸಾಕು. ಕೂಲಂಟಿನ ಆಯಸ್ಸೂ ಹೆಚ್ಚುತ್ತದೆ.
ಈಗಿರುವ ಬೆಲ್ಟನ್ನು ಬ್ಯಾಫಲ್ (ಟ್ಯಾಂಕಿನೊಳಗಿನ ಅಡ್ಡಗೋಡೆ) ಆಚೆ, ನೀರು ಶಾಂತವಾಗಿರುವ ಮೂಲೆಗೆ ಹಾಕಿ.
ಮಾನೋಬ್ಲಾಕ್ ಬೇಡವೇ ಬೇಡ. ಅದರ ಇಂಪೆಲ್ಲರ್ ಎಣ್ಣೆಯನ್ನು ಕಡೆದು ಪುಡಿ ಹನಿ ಮಾಡುತ್ತದೆ. ಹನಿಯ ಅಗಲ ಅರ್ಧವಾದರೆ ಮೇಲೇರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಇಳಿಜಾರು ಸಿಕ್ಕರೆ ತಾನಾಗೇ ಹರಿಯಲಿ, ಇಲ್ಲದಿದ್ದರೆ ಡಯಾಫ್ರಾಮ್ ಪಂಪ್.
ಹಳೇ ಕೂಲಂಟನ್ನು ಬೇರೆ ಡ್ರಮ್ಮಿನಲ್ಲಿ ಹಿಡಿಯಿರಿ. ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಿದರೆ ಎಮಲ್ಷನ್ ಒಡೆಯುತ್ತದೆ. ಎಣ್ಣೆ ತೆಗೆದು, ಆಲಂ (ಪಟಿಕ) ಹಾಕಿ, ಸುಣ್ಣದಿಂದ ಪಿಎಚ್ ಏರಿಸಿ. ಉಳಿದದ್ದು ಗಸಿಯಲ್ಲಿ ಕೂರುತ್ತದೆ. ಮೊದಲು ಒಂದು ಲೀಟರ್ ಬೀಕರಿನಲ್ಲಿ ಮಾಡಿ, ಡೋಸ್ ಅಲ್ಲೇ ಗೊತ್ತಾಗುತ್ತದೆ.

ಇಟಿಪಿ_ಮೇಡಂ:
ಒಂದು ಸೇರಿಸ್ತೀನಿ. ಕೂಲಂಟ್ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತಿದ್ದರೆ ಮುಚ್ಚಿದ ಕೋಣೆಯಲ್ಲಿ ಆಸಿಡ್ ಹಾಕಲೇಬೇಡಿ. ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಜೀವ ಹೋಗುತ್ತದೆ. ಬಯಲಿನಲ್ಲಿ ಮಾಡಿ, ಗ್ಲೌಸ್, ಕನ್ನಡಕ ಇರಲಿ.

ಪೀಣ್ಯ_ಶಾಪ್‌ಫ್ಲೋರ್:
ವಾಸನೆ ಇದೆ ಮೇಡಂ, ಸೋಮವಾರ ಅಂತೂ ನಿಲ್ಲೋಕಾಗಲ್ಲ. ಬೀಕರ್‌ನಲ್ಲಿ ಬಯಲಲ್ಲೇ ನೋಡ್ತೀನಿ. ಓನರ್ ಎರಡನೇ ಟ್ಯಾಂಕಿಗೆ ದುಡ್ಡು ಬಿಚ್ಚಲ್ಲ, ಡ್ರಮ್ಮಿನಲ್ಲೇ ಆಗಬೇಕು.

ಕುವೈತ್_ಕನ್ನಡಿಗ:
ನಮ್ಮ ಡಿಎಎಫ್ ಫೋಟೋ ಹಾಕಲಾ?

ತುಮಕೂರು_ವೈರ್‌ಡ್ರಾ:
ನಮ್ಮದೂ ಇದೇ ಕಥೆ, ಆದರೆ ನಮ್ಮದು ಸೋಪಿನ ಲೂಬ್ರಿಕೆಂಟ್. ಅದಕ್ಕೂ ಆಸಿಡ್ ನಡೆಯುತ್ತಾ? ಟ್ಯೂಬ್ ಸ್ಕಿಮ್ಮರ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ?