ವಿಷಯ: ಮಕ್ಕಳ ಆಸ್ಪತ್ರೆಗೆ ರಾಣಿ ‘ಪೇಟ್ರನ್’ – ಕನ್ನಡದಲ್ಲಿ ಏನನ್ನೋಣ?

ಲಂಡನ್ನಿಂದ:
ಇಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಬಗ್ಗೆ ಕನ್ನಡದವರಿಗಾಗಿ ಒಂದು ಕರಪತ್ರ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 1852ರಲ್ಲಿ ಹತ್ತು ಹಾಸಿಗೆಗಳಿಂದ ಶುರುವಾದ ಆಸ್ಪತ್ರೆ. ವಿಕ್ಟೋರಿಯಾ ರಾಣಿ ಅದರ ಪೇಟ್ರನ್. ಮುಂದೆ ಎರಡನೇ ಎಲಿಜಬೆತ್ ಕೂಡ. ‘ಪೋಷಕರು’ ಬೇಡ. ಅದೇ ಹಾಳೆಯಲ್ಲಿ ‘ಪೋಷಕರು ರಾತ್ರಿ ಮಗುವಿನ ಹತ್ತಿರ ಉಳಿಯಬಹುದು’ ಎಂದಿದೆ, ರಾಣಿಯೇ ಬಂದು ಮಲಗಿದ ಹಾಗಾಗುತ್ತದೆ. ‘ಗೌರವಾಧ್ಯಕ್ಷೆ’ಯೂ ಖಾಲಿ ಇಲ್ಲ. 1989ರಲ್ಲಿ ಡಯಾನಾ ಪ್ರೆಸಿಡೆಂಟ್ ಆದರು, ಅವರಿಗೆ ಅದು ಬೇಕು. ಬೇರೆ ಏನಾದರೂ ಇದೆಯಾ?

ಮೈಸೂರಿನಿಂದ:
ಆಶ್ರಯದಾತೆ. ಪಂಪನಿಗೆ ಅರಿಕೇಸರಿ ಇದ್ದ ಹಾಗೆ. ಇದರಲ್ಲಿ ಚರ್ಚೆಗೆ ಏನಿದೆ?

ಶಿವಮೊಗ್ಗದಿಂದ:
ಇದೆ. ಅರಿಕೇಸರಿ ಪಂಪನಿಗೆ ಧರ್ಮಪುರ ಎಂಬ ಅಗ್ರಹಾರವನ್ನೇ ಕೊಟ್ಟ. ವಿಕ್ಟೋರಿಯಾ ಮುಖ್ಯವಾಗಿ ಕೊಟ್ಟದ್ದು ತಮ್ಮ ಹೆಸರು. ರಾಣಿಯ ಹೆಸರಿದ್ದರೆ ಉಳ್ಳವರು ಚಂದಾ ಕೊಡಲು ಮುಂದೆ ಬರುತ್ತಾರೆ, ಅಷ್ಟು ಲೆಕ್ಕ. ಅದೂ ಸಾಲದೆ 1858ರಲ್ಲಿ ಡಿಕನ್ಸ್ ಔತಣಕೂಟವೊಂದರಲ್ಲಿ ಭಾಷಣ ಮಾಡಿ ಇದಕ್ಕೆ ದುಡ್ಡು ಎತ್ತಿಕೊಟ್ಟರು. ಪೇಟ್ರನ್ ಆದವರು ಆಡಳಿತಕ್ಕೂ ಕೈ ಹಾಕುವುದಿಲ್ಲ, ಅದು ಟ್ರಸ್ಟಿಗಳ ಕೆಲಸ. ಯಾರಾದರೂ ‘ಮಹಾಪೋಷಕಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸಂಘಗಳಲ್ಲಿ ಅದು ಜಾಸ್ತಿ ದುಡ್ಡು ಕಟ್ಟಿದವರ ದರ್ಜೆ. ಮತ್ತೆ ‘ಆಶ್ರಯ’ ಅಂದರೆ ಈಗ ಜನಕ್ಕೆ ನೆನಪಾಗುವುದು ಸರ್ಕಾರದ ಆಶ್ರಯ ಮನೆ.

ಬೆಂಗಳೂರಿನಿಂದ:
ಆಶ್ರಯ, ಪೋಷಕ, ಗೌರವ. ಬರೀ ಸಂಸ್ಕೃತ. ಹಳಗನ್ನಡದಲ್ಲಿ ‘ಪೊರೆ’ ಇದೆಯಲ್ಲ, ಸಾಕು, ಕಾಪಾಡು ಎಂಬ ಅರ್ಥದಲ್ಲಿ. ‘ಪೊರೆಗಾರ್ತಿ’ ಅನ್ನಿ. ಇಲ್ಲವೇ ‘ಅರಸುಮನೆಯ ಆಸರೆ’. ಅಚ್ಚಗನ್ನಡ ಮನೆಯಲ್ಲೇ ಇರುವಾಗ ಎರವಲು ಯಾಕೆ?

ಮೈಸೂರಿನಿಂದ:
ಆಸ್ಪತ್ರೆಯ ಹಾಳೆಯಲ್ಲಿ ಪೊರೆ ಅಂದರೆ ಕಣ್ಣಿನ ಪೊರೆ. ‘ಪೊರೆಗಾರ್ತಿ’ಯನ್ನು ಆಪರೇಷನ್‌ಗೆ ಕಳಿಸುತ್ತಾರೆ. ಇನ್ನು ನಿಮ್ಮ ‘ಆಸರೆ’ ನನ್ನ ‘ಆಶ್ರಯ’ದ ತದ್ಭವ. ನಿಘಂಟು ತೆಗೆದು ನೋಡಿ.

ಬೆಂಗಳೂರಿನಿಂದ:
ನೋಡಿದ್ದೇನೆ. ಜನ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡ ಮೇಲೆ ತದ್ಭವ ಕನ್ನಡವೇ. ಹಾಸ್ಪಿಟಲ್ ಆಸ್ಪತ್ರೆ ಆಗಲಿಲ್ಲವೇ? ಅದನ್ನು ‘ಚಿಕಿತ್ಸಾಲಯ’ ಮಾಡಲು ಹೊರಟವರು ನಿಮ್ಮ ಕಡೆಯವರೇ.

ಮೈಸೂರಿನಿಂದ:
ಹಾಸ್ಪಿಟಲ್ ಒಗ್ಗುತ್ತದೆ, ಪೇಟ್ರನ್ ಒಗ್ಗುವುದಿಲ್ಲ. ಇದ್ಯಾವ ನ್ಯಾಯ?

ಲಂಡನ್ನಿಂದ:
ಸ್ವಾಮಿ, ಅಚ್ಚಿನವರು ಫೋನ್ ಮಾಡುತ್ತಿದ್ದಾರೆ.

ಧಾರವಾಡದಿಂದ:
ಯಾಕ್ರೀ ಇಷ್ಟು ಜಗಳ? ಗುಬ್ಬಿ ಕಂಪನಿಯ ಪೂರ್ತಿ ಹೆಸರು ನೆನಪಿದೆಯೇ? ‘ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’. ಚನ್ನಬಸವೇಶ್ವರ ಬಂದು ಟಿಕೆಟ್ ಹರಿಯಲಿಲ್ಲ, ಲೆಕ್ಕ ಬರೆಯಲಿಲ್ಲ. ಹೆಸರು ಬೋರ್ಡಿನ ಮೇಲಿತ್ತು, ಜನ ನಂಬಿ ಬಂದರು. ರಾಣಿಯ ಕೆಲಸವೂ ಅದೇ ಅಲ್ವಾ? ರಾಣಿಗೆ ಪದ ಹುಡುಕುವುದನ್ನು ಬಿಡಿ, ಆಸ್ಪತ್ರೆಗೆ ಹಚ್ಚಿರಿ: ‘ವಿಕ್ಟೋರಿಯಾ ರಾಣಿಯ ಕೃಪಾಪೋಷಿತ ಆಸ್ಪತ್ರೆ’.

ಲಂಡನ್ನಿಂದ:
ಹಾಕಿದೆ. ಎಲಿಜಬೆತ್‌ಗೂ ಅದನ್ನೇ ಹಚ್ಚಿ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

ಬೆಂಗಳೂರಿನಿಂದ:
‘ಕೃಪಾಪೋಷಿತ’ದಲ್ಲಿ ಒಂದಕ್ಷರವೂ ಕನ್ನಡವಲ್ಲ. ದಾಖಲಾಗಿರಲಿ.