ಅಪ್‌ಡೇಟ್: ಫ್ರಂಟ್‌ಸೈಡ್ 180 ಕೊನೆಗೂ ಬಂತು!

ಸ್ನೋಬೋರ್ಡ್‌ನಲ್ಲಿ ಸಣ್ಣ ಜಂಪ್ ಆರಾಮಾಗಿ ಹಾರುತ್ತೇನೆ, ಆದರೆ ಗಾಳಿಯಲ್ಲಿ 180 ಡಿಗ್ರಿ, ಅಂದರೆ ಅರ್ಧ ಸುತ್ತು, ತಿರುಗಲು ಧೈರ್ಯ ಸಾಲುತ್ತಿಲ್ಲ ಎಂದು ಕೇಳಿದ್ದೆ, ಅಲ್ವಾ? ಈಗ ಫ್ರಂಟ್‌ಸೈಡ್, ಅಂದರೆ ಎದೆ ಇಳಿಜಾರಿನ ಕಡೆ ಬರುವಂತೆ ತಿರುಗುವುದು, ಬಂತು! ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ನೀವು ಹೇಳಿದ ಸ್ವಿಚ್ ಅಭ್ಯಾಸ. 180 ತಿರುಗಿದರೆ ಇಳಿಯುವುದೇ ಸ್ವಿಚ್‌ನಲ್ಲಿ, ಅಂದರೆ ಹಿಂದಿನ ಕಾಲು ಮುಂದಾಗಿ. ಹಾಗೆ ಸಾಗುವುದು ರೂಢಿಯಾದ ಮೇಲೆ ಅರ್ಧ ಭಯ ಹೋಯಿತು. ಆಮೇಲೆ ಸಮತಟ್ಟಾದ ಹಿಮದಲ್ಲಿ ನಿಂತಲ್ಲೇ ಹಾರಿ ತಿರುಗಿದೆ.

ಜಂಪ್‌ನಲ್ಲಿ ಮೊದಲು ತಿರುಗದೆ ಸುಮ್ನೆ ನೇರವಾಗಿ ಹಾರಿ ವೇಗ ನೋಡಿಕೊಂಡೆ. ಜಂಪ್‌ನ ತುದಿ ಬಿಡುವಾಗ ತಲೆ, ಭುಜ ಮೊದಲು ತಿರುಗಿದರೆ ಬೋರ್ಡ್ ತಾನಾಗಿಯೇ ಹಿಂಬಾಲಿಸುತ್ತದೆ. ಎಂಥ ಖುಷಿ ಗೊತ್ತಾ!

ಬ್ಯಾಕ್‌ಸೈಡ್ 180 ಮಾತ್ರ ಇನ್ನೂ ಹೆದರಿಸುತ್ತದೆ. ಅದರಲ್ಲಿ ಇಳಿಜಾರಿಗೆ ಬೆನ್ನು ಹಾಕಿ ತಿರುಗಬೇಕು, ಇಳಿಯುವ ಜಾಗ ಸರಿಯಾಗಿ ಕಾಣುವುದಿಲ್ಲ. ಅದಕ್ಕೇನಾದರೂ ಉಪಾಯವಿದ್ದರೆ ಹೇಳಿ.