ಮೋರೇರ ಗುಡ್ಡಕ್ಕೆ ಇಡೀ ಒಂದು ದಿನ ಬೇಕು

ಹೋದ ಗುರುವಾರ ರಾತ್ರಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೆ, ಅಲ್ಲಿನ ಮೋರೇರ ಗುಡ್ಡಕ್ಕೆ ಹೋಗಬೇಕು ಅಂದುಕೊಂಡಿರುವವರು ಓದಲಿ ಅಂತ. ಶುರುವಾಗಿದ್ದು ತಮ್ಮ ಕಳಿಸಿದ ಒಂದು ಫಾರ್ವರ್ಡ್‌ನಿಂದ.

ತಮ್ಮ: "ಹಂಪಿ ಹತ್ತಿರವೇ ಇದೆ ಕುಳ್ಳರ ಊರು!! ಮೂರಡಿ ಎತ್ತರದ ಮೌರ್ಯರು ಕಟ್ಟಿದ ಕಲ್ಲಿನ ಮನೆಗಳು!! ಹಂಪಿ, ಆನೆಗೊಂದಿ, ಅಂಜನಾದ್ರಿ, ಹಿರೇಬೆಣಕಲ್ ಎಲ್ಲ ಒಂದೇ ದಿನದಲ್ಲಿ!! ಎಲ್ಲರಿಗೂ ಕಳಿಸಿ!!"

ತಮ್ಮ: ಇದು ಈಗ ಬಂತು. ಫೋಟೋ ನೋಡಿದ್ರಾ? ಹುಡುಗರು ಕಲ್ಲಿನ ಮನೆ ಮೇಲೆ ಹತ್ತಿ ನಿಂತಿದ್ದಾರೆ. ಭಾನುವಾರ ನಾವೂ ಹೀಗೇ ಒಂದು ಫೋಟೋ ತೆಗೆದುಕೊಳ್ಳೋಣ.

ಅಕ್ಕ: ಸೂಪರ್. ಶನಿವಾರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ಗೆ ಬರುತ್ತೇವೆ. ಮಕ್ಕಳಿಗೆ ಅಂಜನಾದ್ರಿ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಭಾನುವಾರ ತಿಂಡಿ ತಿಂದು ಹತ್ತಕ್ಕೆ ಹೊರಟರೆ ಎಲ್ಲ ಮುಗಿಸಬಹುದು ಅಲ್ವಾ?

ನಾನು: ಆಗಲ್ಲ ಅಕ್ಕ. ಅದನ್ನು ಬರೆದವರು ಗುಡ್ಡ ಹತ್ತಿಲ್ಲ ಅನ್ನಿಸುತ್ತೆ. ಅಲ್ಲಿಗೆ ಕಾರು ಹೋಗುವುದಿಲ್ಲ. ಹಿರೇಬೆಣಕಲ್ ಊರಿನಿಂದ ಬಂಡೆಗಳ ಮೇಲೆ ನಡೆದೇ ಹತ್ತಬೇಕು. ಹತ್ತಕ್ಕೆ ಮನೆ ಬಿಟ್ಟರೆ ನೆತ್ತಿ ಸುಡುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಇರುತ್ತೀರಿ.

ನಾನು: ಮತ್ತೆ ಅವು ಮನೆಗಳಲ್ಲ. ಗೋರಿಗಳು.

ದೊಡ್ಡಮ್ಮ: ಗೋರಿ ಅಂದರೆ? ಸ್ಮಶಾನನಾ? ಮಕ್ಕಳನ್ನು ಕಟ್ಟಿಕೊಂಡು ಸ್ಮಶಾನಕ್ಕೆ ಯಾಕೆ ಹೋಗಬೇಕು? ಬೇಡವೇ ಬೇಡ.

ತಮ್ಮ: ಸಣ್ಣಕ್ಕ, ಸುಮ್ನೆ ಹೆದರಿಸಬೇಡ. ಊರವರೇ ಮೋರೇರ ಮನೆ ಅಂತಾರೆ. ಬಾಗಿಲಿನ ತೂತು ನೋಡು, ನಮ್ಮಂಥವರು ನುಗ್ಗೋಕೆ ಆಗುತ್ತಾ? ಕುಳ್ಳರೇ ಇದ್ದಿದ್ದು.

ದೊಡ್ಡಪ್ಪ: ಮೋರೇರು ಅಂದರೆ ಮೌರ್ಯರು ಅನ್ನುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಕೊಪ್ಪಳದಲ್ಲೇ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇದೆ. ಮಸ್ಕಿ ಶಾಸನ 1915ರಲ್ಲಿ ಸಿಕ್ಕಿತು, ಅದರಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಮೌರ್ಯರ ಕೈ ಇಲ್ಲಿಯವರೆಗೆ ಚಾಚಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದೇನೆ.

ನಾನು: ಶಾಸನದ ಮಾತು ಸರಿ ದೊಡ್ಡಪ್ಪ. ಆದರೆ ಕಾಲ ನೋಡಿ. ಅಶೋಕ ಇದ್ದಿದ್ದು ಕ್ರಿಸ್ತಪೂರ್ವ ಮೂರನೇ ಶತಮಾನ. ಹಿರೇಬೆಣಕಲ್ಲಿನ ಗೋರಿಗಳು ಸುಮಾರು ಕ್ರಿಸ್ತಪೂರ್ವ 800ರಿಂದ 200ರವರೆಗಿನವು ಅಂತ ಹೇಳುತ್ತಾರೆ. ಅಶೋಕ ಹುಟ್ಟುವುದಕ್ಕೆ ಐನೂರು ವರ್ಷ ಮೊದಲೇ ಈ ಜನ ಇಲ್ಲಿ ಕಲ್ಲು ನಿಲ್ಲಿಸುತ್ತಿದ್ದರು. ಅವರನ್ನು ಮೌರ್ಯರು ಅಂದರೆ ಅವರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆದ ಹಾಗೆ ಆಗುತ್ತೆ.

ದೊಡ್ಡಪ್ಪ: ಕೊನೆಯ ಗೋರಿಗಳ ಕಾಲಕ್ಕೂ ಗವಿಮಠದ ಶಾಸನದ ಕಾಲಕ್ಕೂ ಜಾಸ್ತಿ ದೂರ ಇಲ್ಲ ಅಂತಾಯಿತು. ಅದು ನನಗೆ ಹೊಳೆದಿರಲಿಲ್ಲ. ಒಂದು ಗುಡ್ಡದಲ್ಲಿ ಅಕ್ಷರ ಕೊರೆಯುತ್ತಿದ್ದಾಗ ಇನ್ನೊಂದು ಗುಡ್ಡದಲ್ಲಿ ಚಪ್ಪಡಿ ಏರಿಸುತ್ತಿದ್ದಿರಬಹುದು.

ತಮ್ಮ: ಕುಳ್ಳರ ವಿಷಯ?

ನಾನು: ಅಜ್ಜಿ ಹೇಳುತ್ತಿದ್ದ ಕಥೆ ನೆನಪಿದೆಯಾ? ಬೆಂಕಿ ಮಳೆ ಬರುತ್ತದೆ ಅಂತ ಹೆದರಿ ಮೋರೇರು ಕಲ್ಲಿನ ಮನೆ ಕಟ್ಟಿಕೊಂಡರು, ಎಲ್ಲರೂ ಅದರೊಳಗೇ ಸತ್ತರು ಅಂತ. ಕಥೆ ನನಗೂ ಇಷ್ಟ. ಮಕ್ಕಳಿಗೆ ದಾರಿಯಲ್ಲಿ ಅದನ್ನೇ ಹೇಳೋಣ. ಆದರೆ ಕೆಲವು ಗೋರಿಗಳ ಗೋಡೆ ನಮ್ಮೆಲ್ಲರಿಗಿಂತ ಎತ್ತರ ಇದೆ. ಮೂರಡಿ ಜನರಿಗೆ ಅಷ್ಟು ಎತ್ತರದ ಸೂರು ಯಾಕೆ? ಆ ದುಂಡು ತೂತು ದಿನಾ ಓಡಾಡುವ ಬಾಗಿಲಲ್ಲ. ಸತ್ತವರಿಗೆ ಏನಾದರೂ ಇಡೋಕೆ, ಅದೇ ಮನೆಯ ಇನ್ನೊಬ್ಬರ ಮೂಳೆಗಳನ್ನು ಆಮೇಲೆ ಸೇರಿಸೋಕೆ ಇರಬಹುದು ಅಂತ ತಿಳಿದವರು ಹೇಳುತ್ತಾರೆ.

ಚಿಕ್ಕಮ್ಮ: ಅಂಥವು ಎಷ್ಟಿವೆ ಅಲ್ಲಿ?

ನಾನು: ಹತ್ತಿರ ಹತ್ತಿರ 400 ಚಿಕ್ಕಮ್ಮ. ಕೆಲವು ಬಂಡೆ ಕೆಳಗಿನ ಸಂದಿಗೆ ಕಲ್ಲು ಮುಚ್ಚಿದವು. ಕೆಲವು ಚಿಕ್ಕ ಪೆಟ್ಟಿಗೆಯ ಹಾಗೆ. ದೊಡ್ಡವು ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದವು. ಸುಣ್ಣ ಇಲ್ಲ, ಗಾರೆ ಇಲ್ಲ. ಕಲ್ಲಿನ ಭಾರಕ್ಕೇ ಕಲ್ಲು ನಿಂತಿದೆ. ನಡುವೆ ಒಂದು ಕೆರೆ ಇದೆ. ಚಪ್ಪಡಿ ಎಬ್ಬಿಸಿದ ಜಾಗದಲ್ಲೇ ನೀರು ನಿಂತು ಆ ಕೆರೆ ಆಗಿದೆ. ನಾನು ಅದರ ದಂಡೆಯಲ್ಲಿ ಕೂತಾಗ ಮೈ ಜುಮ್ ಅಂದಿತು. ಇಲ್ಲಿಂದ ಎಬ್ಬಿಸಿ, ಅಲ್ಲಿಗೆ ಹೊತ್ತು, ಒಬ್ಬರ ನೆನಪಿಗೆ ನಿಲ್ಲಿಸಿದ್ದಾರೆ. ಊರೆಲ್ಲ ಸೇರದೆ ಒಂದು ಚಪ್ಪಡಿಯೂ ಏಳುವ ಹಾಗಿಲ್ಲ.

ನಾನು: ತಮ್ಮ, ಅದಕ್ಕೇ ಆ ಫೋಟೋ ನೋಡಿ ನನಗೆ ಸಿಟ್ಟು ಬಂದಿದ್ದು. ಎಷ್ಟೋ ಚಪ್ಪಡಿಗಳು ಈಗಾಗಲೇ ವಾಲಿವೆ, ಮುರಿದು ಬಿದ್ದಿವೆ. ಅದರ ಮೇಲೆ ನಾಲ್ಕು ಜನ ಹತ್ತಿ ಕುಣಿದರೆ ಇನ್ನೆಷ್ಟು ದಿನ ನಿಂತಾವು? ಅದು ಸಂರಕ್ಷಿತ ಸ್ಮಾರಕ. ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹಾಕಬಹುದು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅದನ್ನೆಲ್ಲ ಬಿಡು, ನಮ್ಮ ಅಜ್ಜನ ಸಮಾಧಿ ಮೇಲೆ ಯಾರಾದರೂ ಹತ್ತಿ ಫೋಟೋ ತೆಗೆಸಿಕೊಂಡರೆ ನಿನಗೆ ಹೇಗಿರುತ್ತೆ?

ತಮ್ಮ: ಹಾಗೆ ಯೋಚನೆ ಮಾಡಿರಲಿಲ್ಲ. ಆ ಫಾರ್ವರ್ಡ್ ಕಾಲೇಜು ಗುಂಪಿಗೂ ಕಳಿಸಿಬಿಟ್ಟಿದ್ದೇನೆ. ಅಲ್ಲಿಂದ ಅಳಿಸುತ್ತೇನೆ.

ದೊಡ್ಡಮ್ಮ: ಅಜ್ಜನ ಸಮಾಧಿ ಬೇರೆ. ಅವರು ನಮ್ಮವರು.

ನಾನು: ದೊಡ್ಡಮ್ಮ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಚರಗ ಚೆಲ್ಲುವ ಮೊದಲು ನೀವು ಅಜ್ಜನ ಸಮಾಧಿಗೆ ಎಡೆ ಇಡುತ್ತೀರಿ. ಮಕ್ಕಳೆಲ್ಲ ಜೊತೆಗೇ ಇರುತ್ತಾರೆ. ಅಲ್ಲೇ ಕೂತು ಊಟ ಮಾಡುತ್ತೇವೆ. ಯಾರಿಗೂ ಹೆದರಿಕೆ ಇಲ್ಲ. ಮೋರೇರ ಗುಡ್ಡದಲ್ಲಿ ಇರುವವರೂ ಯಾರದೋ ಅಜ್ಜ, ಅಜ್ಜಿ. ಎಡೆ ಇಡುವವರು ಈಗ ಇಲ್ಲ ಅಷ್ಟೇ.

ಚಿಕ್ಕಮ್ಮ: ಅಯ್ಯೋ, ಓದಿ ಹೊಟ್ಟೆಯಲ್ಲಿ ಏನೋ ಆಯಿತು.

ಅಕ್ಕ: ಎಲ್ಲ ಸರಿ ಕಣೇ. ಆದರೆ ನಾವು ಬೆಂಗಳೂರಿನಿಂದ ಬರುವುದು ವರ್ಷಕ್ಕೆ ಎರಡು ಸಲ. ಇಡೀ ಭಾನುವಾರ ಒಂದೇ ಗುಡ್ಡಕ್ಕೆ ಕೊಟ್ಟರೆ ಉಳಿದಿದ್ದು? ಬೇಗ ಹತ್ತಿ ಇಳಿದರೆ ಆಗಲ್ವಾ?

ಗಂಗಾವತಿ ಮಾಮ: ಈಗ ನೋಡಿದೆ ಮೆಸೇಜು. ಬೇಗ ಅನ್ನುವ ಮಾತೇ ಬೇಡ. ಆ ಗುಡ್ಡದಲ್ಲಿ ದಾರಿ ಅಂತ ನೆಟ್ಟಗೆ ಕಾಣುವುದಿಲ್ಲ. ಕರಡಿ ಇದೆ, ಚಿರತೆ ಸುದ್ದಿಯೂ ಆಗಾಗ ಬರುತ್ತೆ. ಬೆಳಕು ಹರಿದ ಮೇಲೆ ಹತ್ತಬೇಕು, ನಾಲ್ಕರೊಳಗೆ ಕೆಳಗಿರಬೇಕು. ಮೇಲೆ ಅಂಗಡಿ ಇಲ್ಲ, ಕುಡಿಯುವ ನೀರಿಲ್ಲ. ಊರಿನ ಒಬ್ಬರು ಜೊತೆಗೆ ಇರಲೇಬೇಕು.

ನಾನು: ಮಾಮ ಹೇಳುವುದು ನಿಜ. ಮೂರು ವರ್ಷದ ಹಿಂದೆ ನಾನು, ಗೆಳತಿ ಇಬ್ಬರೇ ಹೋಗಿದ್ದೆವು. ಯಾರನ್ನೂ ಕರೆದುಕೊಳ್ಳಲಿಲ್ಲ. ಕುರಿ ಓಡಾಡಿದ ಜಾಡು ಹಿಡಿದು ಎರಡು ಗಂಟೆ ಸುತ್ತಿದೆವು. ಕೈಯಲ್ಲಿದ್ದ ಎರಡು ಲೀಟರ್ ನೀರು ಹನ್ನೆರಡಕ್ಕೇ ಮುಗಿಯಿತು. ಬಾಯಿ ಒಣಗಿ, ಬಂಡೆಯ ಮೇಲಿನ ಕೆಂಪು ಚಿತ್ರಗಳನ್ನು ಸರಿಯಾಗಿ ನೋಡದೆ ಇಳಿದೆವು. ಕೈ ಕೈ ಹಿಡಿದು ಕುಣಿಯುವ ಜನ, ಜಿಂಕೆ, ಕುದುರೆ ಎಲ್ಲ ಇವೆಯಂತೆ. ನನಗೆ ಸಿಕ್ಕಿದ್ದು ಎರಡೋ ಮೂರೋ.

ದೊಡ್ಡಪ್ಪ: ನಗಾರಿ ಕಲ್ಲು ನೋಡಿದೆಯಾ?

ನಾನು: ಕೆಳಗಿನಿಂದ ನೋಡಿದೆ ದೊಡ್ಡಪ್ಪ. ಸುಮಾರು 10 ಮೀಟರ್ ಎತ್ತರದ ಗುಂಡಿನ ಮೇಲೆ ಮಗುಚಿದ ನಗಾರಿಯ ಹಾಗೆ ಕೂತಿದೆ. ಎರಡು ಮೀಟರ್ ಅಗಲ. ಮರದ ಸುತ್ತಿಗೆಯಲ್ಲಿ ಬಡಿದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ ಅಂತಾರೆ.

ದೊಡ್ಡಪ್ಪ: ಮೆಡೋಸ್ ಟೇಲರ್ 1835ರಲ್ಲಿ ಈ ಜಾಗದ ಬಗ್ಗೆ ಹೊರಗಿನವರಿಗೆ ಮೊದಲು ತಿಳಿಸಿದ. ಸುರಪುರದಲ್ಲಿ ಅಧಿಕಾರಿ ಆಗಿದ್ದ ಇಂಗ್ಲಿಷಿನವನು, ಅವನೇ. ಅವನು ಅಷ್ಟು ಹಿಂದೆಯೇ ಇದರ ಬಗ್ಗೆ ಬರೆದ. ನಾನು ಐವತ್ತು ಕಿಲೋಮೀಟರ್ ದೂರದಲ್ಲಿ ಇದ್ದು ಒಮ್ಮೆಯೂ ನೋಡಿಲ್ಲ. ಭಾನುವಾರ ನಾನೂ ಬರುತ್ತೇನೆ.

ಅಕ್ಕ: ದೊಡ್ಡಪ್ಪ, ನಿಮ್ಮ ಮಂಡಿ? ನೀವು ದೊಡ್ಡಮ್ಮ ಇಬ್ಬರೂ ಮಾಮನ ಮನೆಯಲ್ಲಿ ಆರಾಮಾಗಿ ಇರಿ. ನಾವು ವಿಡಿಯೋ ಕಳಿಸುತ್ತೇವೆ.

ದೊಡ್ಡಪ್ಪ: ವಿಡಿಯೋ ನನ್ನ ಹತ್ತಿರ ಬೇಕಾದಷ್ಟಿವೆ.

(ಇದಾದ ಮೇಲೆ ಹದಿನೈದು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ನಾನು: ಅಕ್ಕ, ಬೇಜಾರು ಮಾಡಿಕೊಳ್ಳಬೇಡ, ನೇರವಾಗಿ ಹೇಳುತ್ತೇನೆ. ನಾಲ್ಕು ಜಾಗ ಒಂದೇ ದಿನ ಅಂದರೆ ದೊಡ್ಡಪ್ಪ ಕೆಳಗೇ ಉಳಿಯುತ್ತಾರೆ. ಓಡುವವರಿಗೆ ಮಾತ್ರ ಆ ಪ್ಲಾನು. ಒಂದೇ ಗುಡ್ಡ, ಇಡೀ ದಿನ ಅಂದರೆ ಅವರೂ ಹತ್ತಬಹುದು. ಹತ್ತು ಹೆಜ್ಜೆಗೊಮ್ಮೆ ಕೂರಲಿ. ನಮಗೇನು ಅವಸರ? ನಗಾರಿ ಗುಂಡನ್ನು ಯಾರೂ ಹತ್ತುವುದು ಬೇಡ, ಕೆಳಗಿಂದಲೇ ಸಾಕು. ಕೆರೆಯವರೆಗೆ ಹೋದರೂ ಅರ್ಧಕ್ಕರ್ಧ ಗೋರಿಗಳನ್ನು ನೋಡಿದ ಹಾಗೆ. ಮಕ್ಕಳಿಗೆ ಪಕ್ಕದಲ್ಲಿ ಕೂತು ಹೇಳುವವರು ಅವರಲ್ಲದೆ ಇನ್ಯಾರು?

ಗಂಗಾವತಿ ಮಾಮ: ಭಾವ ಬರಲಿ. ಸುತ್ತು ಜಾಸ್ತಿ ಆದರೂ ಇಳಿಜಾರು ಕಡಿಮೆ ಇರುವ ಕಡೆಯಿಂದ ಕರೆದುಕೊಂಡು ಹೋಗೋಕೆ ಆಗುತ್ತಾ ಅಂತ ಊರಿನಲ್ಲಿ ಕೇಳುತ್ತೇನೆ. ಕಷ್ಟ ಅನ್ನಿಸಿದರೆ ಅರ್ಧಕ್ಕೇ ನಿಲ್ಲಿಸಿ, ನಾನೇ ಅವರ ಜೊತೆ ವಾಪಸ್ ಇಳಿಯುತ್ತೇನೆ.

ಅಕ್ಕ: ಅಂಜನಾದ್ರಿ?

ನಾನು: ಶನಿವಾರ ಸಂಜೆ. ನೀವು ಬೆಳಿಗ್ಗೆ ಬಂದು ಮಲಗಿ ಎದ್ದಿರುತ್ತೀರಿ. 575 ಮೆಟ್ಟಿಲು, ಬಿಸಿಲು ಇಳಿದ ಮೇಲೆ ಮಕ್ಕಳು ಓಡಿಕೊಂಡೇ ಹತ್ತುತ್ತಾರೆ. ಹಂಪಿಯನ್ನು ಯುಗಾದಿಗೆ ಬಂದಾಗ ನೋಡೋಣ. ಅದು ಎಲ್ಲಿಗೂ ಹೋಗಲ್ಲ.

ಅಕ್ಕ: ಸರಿ. ದೊಡ್ಡಪ್ಪ, ನಾನು ಹಾಗೆ ಹೇಳಬಾರದಿತ್ತು. ಬನ್ನಿ, ನನ್ನ ಮಗನಿಗೆ ನೀವೇ ಎಲ್ಲ ಹೇಳಿಕೊಡಿ.

ದೊಡ್ಡಪ್ಪ: ಹೇಳಿಕೊಡುತ್ತೇನಮ್ಮ. ಗವಿಮಠದ ಶಾಸನದ ಓದನ್ನೂ ಬರೆದುಕೊಂಡು ಬರುತ್ತೇನೆ.

ಗಂಗಾವತಿ ಮಾಮ: ಹೊಸಪೇಟೆ ಐದಕ್ಕೆ ಬಿಡಿ. ಆರೂವರೆಗೆ ಹಿರೇಬೆಣಕಲ್ ಊರಲ್ಲಿ ಸಿಗುತ್ತೇನೆ. ತಲೆಗೆ ಮೂರು ಲೀಟರ್ ನೀರು. ಹಿಡಿತ ಇರುವ ಬೂಟು. ಸ್ಲಿಪ್ಪರ್ ಬೇಡ.

ತಮ್ಮ: ನೀರಿನ ಡಬ್ಬ ನಾನು ಹೊರುತ್ತೇನೆ. ಸಣ್ಣಕ್ಕ, ಗೋರಿ ಮುಟ್ಟದೆ ಎಲ್ಲರ ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ?

ನಾನು: ಕೆರೆ ದಂಡೆ. ಬೆಳಿಗ್ಗೆ ನೀರಿನಲ್ಲಿ ಆಕಾಶ ಕಾಣುತ್ತೆ.

ದೊಡ್ಡಮ್ಮ: ನನಗೆ ಅಷ್ಟು ಹತ್ತೋಕೆ ಆಗಲ್ಲ. ಊರಿನ ಗುಡಿಯಲ್ಲಿ ಕೂತಿರುತ್ತೇನೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರು ಬುತ್ತಿ ಮಾಡಿ ಕಟ್ಟಿಕೊಡುತ್ತೇನೆ. ಮಾಮನ ಕಡೆಯವರು ಎಷ್ಟು ಜನ ಅಂತ ನಾಳೆಯೇ ಹೇಳಿ, ದಾರಿ ತೋರಿಸುವವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡು ರೊಟ್ಟಿ ಬೇರೆ ಸುತ್ತಿ ಇಟ್ಟಿರುತ್ತೇನೆ. ಮೇಲೆ ಹೋದ ಮೇಲೆ, ಗೋರಿಗೆ ತಾಗದ ಹಾಗೆ, ಒಂದು ಎಲೆ ಮೇಲೆ ಇಟ್ಟು ಕೈಮುಗಿದು, ಆಮೇಲೆ ನೀವೇ ತಿನ್ನಿ.